ಜಠರದ ಕರೆ ಮತ್ತು ವ್ರತಿಕನ ಸಂಕಲ್ಪ

ಸಮೀರವಾಡಿಯ ಸುತ್ತಣ ಸೀಮೆಯಲ್ಲಿ ಭಾದ್ರಪದವೆಂದರೆ ಕಬ್ಬು ಆಳೆತ್ತರಕ್ಕೆ ನಿಂತಿರುವ ಕಾಲ. ಶ್ರಾವಕರ ಮನೆಗಳಲ್ಲಿ ದಶಲಕ್ಷಣ ಪರ್ವದ ಕಾಲವೂ ಅದೇ. ಸಕ್ಕರೆ ಕಾರ್ಖಾನೆಯ ನೆರೆಯ ಊರುಗಳಲ್ಲಿ, ಬೆಲ್ಲದ ಪೇಟೆಯಾದ ಮಹಾಲಿಂಗಪುರದಲ್ಲಿ, ಕೆಲವರು ಏಕಾಶನವನ್ನೂ ಕೆಲವರು ನಿರ್ಜಲ ಉಪವಾಸವನ್ನೂ ಕೈಕೊಳ್ಳುತ್ತಾರೆ. ವಿಜ್ಞಾನ ಓದಿದ ತರುಣರು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತುವುದುಂಟು: ಹಸಿವೆಂಬುದು ಜಠರದಿಂದ ಹೊರಡುವ ಒಂದು ದ್ರವ್ಯದ ಕಾರ್ಯವಾದರೆ, ಅದನ್ನು ಗೆದ್ದುದರಲ್ಲಿ ಆತ್ಮನ ಪುರುಷಾರ್ಥವೆಷ್ಟು?

ಪ್ರಶ್ನೆಯನ್ನು ತಿರಸ್ಕರಿಸುವಂತಿಲ್ಲ. ಹಾರ್ಮೋನಿನ ಕಲ್ಪನೆ ಬೆಳೆದುದೇ ಕರುಳಿನಿಂದ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗರು, ಸಣ್ಣ ಕರುಳಿನ ಒಳಪದರದ ಒಂದು ದ್ರವ್ಯವು ರಕ್ತದಲ್ಲಿ ಸಾಗಿ ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವುದನ್ನು ಕಂಡರು. (ಆ ಪ್ರಯೋಗ ನಡೆದುದು ನಾಯಿಯ ಮೇಲೆ, ಈ ಜ್ಞಾನಕ್ಕೆ ಮೂಕಜೀವವೊಂದು ಬೆಲೆ ತೆತ್ತಿತೆಂಬುದನ್ನು ಅಹಿಂಸಾಣುವ್ರತಿಗಳು ಮರೆಯಬಾರದು.) 1999ರಲ್ಲಿ ಜಪಾನಿನ ಸಂಶೋಧಕರು ಜಠರದಲ್ಲಿ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ಗುರುತಿಸಿದರು. ಅದು ರೂಢಿಯ ಊಟದ ಹೊತ್ತಿಗೆ ಏರುತ್ತದೆ. ಉಣ್ಣದಿದ್ದರೂ ಕೆಲಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ಅತ್ತ ಜೋಳದ ರೊಟ್ಟಿ, ಕಾಳುಗಳ ನಾರಿನಂಶವನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿದಾಗ ಹುಟ್ಟುವ ಆಮ್ಲಗಳು, ತೃಪ್ತಿಯನ್ನು ಸೂಚಿಸುವ ಬೇರೆ ಹಾರ್ಮೋನುಗಳನ್ನು ಪ್ರೇರಿಸುತ್ತವೆ.

ಇದರಿಂದ ವ್ರತವು ಹುಸಿಯಾಯಿತೇ? ಆಗಮವನ್ನು ಬಲ್ಲವರಿಗೆ ಇದರಲ್ಲಿ ಬೆರಗಿಲ್ಲ. ದೇಹವು ಪುದ್ಗಲ, ಕ್ಷುಧೆ ವೇದನೀಯ ಕರ್ಮದ ಫಲ, ಆಹಾರದ ಮೇಲಣ ಲಾಲಸೆ ಮೋಹನೀಯದ್ದು. ಗ್ರೆಲಿನ್ನಿನ ವೃತ್ತಾಂತ ಮೊದಲನೆಯದಕ್ಕೆ ಸೇರಿದುದು. ಕರೆ ಬಂದಿತೆಂಬುದು ಬೇರೆ, ಬಾಗಿಲು ತೆರೆಯುವುದು ಬೇರೆ. ಅಲೆಯು ತಾನಾಗಿ ಇಳಿಯುವುದಾದರೂ, ಇಳಿಯುವವರೆಗೆ ಕಾದವನಾರು? ಜ್ವರದಿಂದ ಅನ್ನ ಸೇರದವನನ್ನು ಯಾರೂ ಉಪವಾಸಿಯೆನ್ನರು. ಹಾಗೆಯೇ, ಹಸಿವನ್ನೇ ತಗ್ಗಿಸುವ ಈಗಿನ ಚುಚ್ಚುಮದ್ದಿನಿಂದ ಊಟ ಕಡಿಮೆಯಾದವನು ಅವಮೋದರ್ಯವನ್ನು ಆಚರಿಸಿದನೆನ್ನಲಾಗದು. ಔಷಧ ಸೇವಿಸಿದನೆನ್ನಬೇಕು, ಅದು ದೋಷವೂ ಅಲ್ಲ.

ನಿಜವಾದ ತೊಡಕು ಬೇರೆಡೆ ಇದೆ. ಮಧುಮೇಹಿಯೊಬ್ಬನು ಇನ್ಸುಲಿನ್ನನ್ನೋ ಸಕ್ಕರೆ ಇಳಿಸುವ ಗುಳಿಗೆಯನ್ನೋ ತೆಗೆದುಕೊಳ್ಳುತ್ತಿದ್ದು, ಆ ಸಂಗತಿಯನ್ನು ಮರೆಮಾಚಿ, ಮುನಿಗಳ ಮುಂದೆ ಕೈಮುಗಿದು ಉಪವಾಸದ ನಿಯಮ ಪಡೆಯುತ್ತಾನೆಂದು ಭಾವಿಸೋಣ. ರಕ್ತದ ಸಕ್ಕರೆ ಕುಸಿದು ಅವನು ಎಚ್ಚರ ತಪ್ಪಬಹುದು, ಪ್ರಾಣಾಪಾಯವೂ ಉಂಟು. ಅವನ ಹಸಿವು ಸಾಚಾ, ಸಂಕಲ್ಪವೂ ದೃಢ. ಆದರೆ ಸತ್ಯಾಣುವ್ರತಕ್ಕೆ ಅಲ್ಲಿಯೇ ಭಂಗ ಬಂದಿತು. ತಪಸ್ಸು ಶಕ್ತ್ಯನುಸಾರವಾಗಿರಬೇಕೆಂಬ ಶಾಸ್ತ್ರವಿಧಿಯನ್ನು ದುರ್ಬಲರಿಗೆ ಕೊಟ್ಟ ರಿಯಾಯತಿಯೆಂದು ಓದುವ ರೂಢಿಯಿಂದಲೇ ಈ ಅನರ್ಥ. ಹತ್ತು ದಿನ ಉಪವಾಸ ಮಾಡಿದವರಿಗೆ ಮೆರವಣಿಗೆ, ಬೆಲ್ಲ ಬಿಟ್ಟವನಿಗೆ ಒಂದು ಮೆಚ್ಚುಮಾತೂ ಇಲ್ಲ ಎಂದಾದರೆ, ಅವನು ಗುಳಿಗೆಯನ್ನು ಬಚ್ಚಿಡದೆ ಏನು ಮಾಡಿಯಾನು?

ಆರು ಬಾಹ್ಯ ತಪಗಳಲ್ಲಿ ಅನಶನವು ಒಂದು ಮಾತ್ರ. ರಸಪರಿತ್ಯಾಗವೂ ಅದೇ ಸಾಲಿನಲ್ಲಿದೆ. ಗಾಣದ ಬಿಸಿ ಬೆಲ್ಲದ ವಾಸನೆ ಮನೆಯೊಳಗೆ ನುಗ್ಗುವ ಈ ಸೀಮೆಯಲ್ಲಿ, ಗದ್ದೆಯ ಯಜಮಾನನೇ ಸಿಹಿಯನ್ನು ಬಿಟ್ಟು, ಔಷಧದ ವಿಷಯವನ್ನು ಮುನಿಗಳಿಗೂ ವೈದ್ಯರಿಗೂ ತಿಳಿಸಿ, ಸೂರ್ಯಾಸ್ತಕ್ಕೆ ಮೊದಲು ಅರೆಹೊಟ್ಟೆ ಉಂಡು ಏಳುವುದು ಕಿರಿಯ ತಪವೆಂದು ಯಾವ ಆಚಾರ್ಯರು ಹೇಳಿದ್ದಾರೆ?