ಬರೆಯದೆ ಬಿಟ್ಟ ವಾಕ್ಯ

ಗೃಹಸ್ಥನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳುಂಟು. ಅವುಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ. ಸಾಲಪತ್ರವಿರಲಿ, ದಾನಪತ್ರವಿರಲಿ, ಕಪಟದ ಬರಹವು ವ್ರತಕ್ಕೆ ಕಲಂಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೇಶದ ಗಡಿ ದಾಟಲು ಬೇಕಾದ ಪತ್ರವೊಂದರಲ್ಲಿ, ಪ್ರಾಣವುಳಿಸುವ ಸಲುವಾಗಿ, ಒಂದು ವಾಕ್ಯವನ್ನು ಬರೆಯದೆ ಬಿಟ್ಟರೆ ಅದೂ ಕೂಟಲೇಖವೇ?

ಈ ಪ್ರಶ್ನೆ ಕೇವಲ ಕಲ್ಪನೆಯದಲ್ಲ. 1939ರಲ್ಲಿ ಜರ್ಮನಿಯು ಪೋಲೆಂಡಿನ ಮೇಲೆ ದಾಳಿಯಿಟ್ಟಾಗ ಸಾವಿರಾರು ಯಹೂದ್ಯರು ನೆರೆಯ ಲಿಥುವೇನಿಯಕ್ಕೆ ಓಡಿಬಂದರು. 1940ರ ಜೂನ್ ತಿಂಗಳಲ್ಲಿ ಸೋವಿಯತ್ ಸೇನೆ ಆ ನಾಡನ್ನೂ ಹೊಕ್ಕಿತು. ಅವರಿಗೆ ಉಳಿದುದು ಪೂರ್ವದ ದಾರಿಯೊಂದೇ: ರೈಲಿನಲ್ಲಿ ಸೈಬೀರಿಯವನ್ನು ದಾಟಿ ವ್ಲಾಡಿವೊಸ್ಟಾಕ್, ಅಲ್ಲಿಂದ ಹಡಗಿನಲ್ಲಿ ಜಪಾನಿನ ತ್ಸುರುಗಾ ಬಂದರು. ಹಾದುಹೋಗುವ ವೀಸಾ ಬೇಕಾದರೆ ಕೊನೆಗೆ ಸೇರುವ ದೇಶ ಯಾವುದೆಂದು ಕಾಗದದ ಮೇಲೆ ತೋರಿಸಬೇಕಿತ್ತು. ತೋರಿಸಲು ಅವರಿಗೆ ದೇಶವೇ ಇರಲಿಲ್ಲ.

ಆಗ ಕೌನಸ್ ನಗರದಲ್ಲಿ ನೆದರ್ಲೆಂಡ್ಸಿನ ಹಂಗಾಮಿ ಕಾನ್ಸಲ್ ಆಗಿದ್ದವರು ಯಾನ್ ಝ್ವಾರ್ಟೆಂಡೈಕ್. ವೃತ್ತಿಯಿಂದ ಫಿಲಿಪ್ಸ್ ಕಂಪನಿಯ ಅಧಿಕಾರಿ. ಕೆರಿಬಿಯನ್ ಸಮುದ್ರದಲ್ಲಿರುವ ಡಚ್ಚರ ಕುರಸಾವ್ ದ್ವೀಪಕ್ಕೆ ವೀಸಾ ಅಗತ್ಯವಿರಲಿಲ್ಲ. ಆದರೆ ಅಲ್ಲಿನ ಗವರ್ನರ್ ಅನುಮತಿ ಕೊಟ್ಟರೆ ಮಾತ್ರ ಇಳಿಯಬಹುದಿತ್ತು, ಆ ಅನುಮತಿಯೋ ದುರ್ಲಭ. ರೀಗಾದಲ್ಲಿದ್ದ ರಾಯಭಾರಿ ಡಿ ಡೆಕ್ಕರ್ ತೋರಿಸಿಕೊಟ್ಟಂತೆ, ಝ್ವಾರ್ಟೆಂಡೈಕ್ ಮೊದಲ ಮಾತನ್ನು ಬರೆದು ಎರಡನೆಯದನ್ನು ಬಿಟ್ಟರು. ಕೆಲವೇ ದಿನಗಳಲ್ಲಿ 2,000ಕ್ಕೂ ಹೆಚ್ಚು ಪತ್ರಗಳಲ್ಲಿ ಹೀಗೆ ಬರೆದರು. ಅದನ್ನು ಆಧರಿಸಿ ಜಪಾನಿನ ಕಾನ್ಸಲ್ ಚಿಯುನೆ ಸುಗಿಹಾರಾ, ನಿಯಮಗಳು ಪೂರೈಸದವರಿಗೆ ಕೊಡಬಾರದೆಂಬ ಟೋಕಿಯೋದ ಆದೇಶವನ್ನು ಮೀರಿ, ಹಾದುಹೋಗುವ ವೀಸಾಗಳನ್ನು ಕೊಟ್ಟರು. ಮರುವರ್ಷ ಜರ್ಮನ್ ಸೇನೆ ಲಿಥುವೇನಿಯಕ್ಕೆ ಬಂದಿತು; ಅಲ್ಲಿ ಉಳಿದ ಯಹೂದ್ಯರಲ್ಲಿ ಬಹುಪಾಲು ಜನ ಹತರಾದರು.

ಇಲ್ಲಿ ಆಕ್ಷೇಪವೊಂದುಂಟು, ಅದು ಕ್ಷುಲ್ಲಕವೂ ಅಲ್ಲ. ಗಡಿಯ ಪತ್ರವು ನಂಬಿಕೆಯ ಮೇಲೆ ನಿಂತಿದೆ. ಪ್ರತಿಯೊಬ್ಬ ಅಧಿಕಾರಿಯೂ ತನಗೆ ತೋಚಿದ ಮಾತನ್ನು ಬಿಡತೊಡಗಿದರೆ ಯಾವ ಪತ್ರಕ್ಕೂ ಬೆಲೆಯಿರದು. ನಿಜ ಹೇಳುವ ಪ್ರಯಾಣಿಕನೂ ಸಂಶಯಕ್ಕೆ ಗುರಿಯಾಗುವನು. ಅರ್ಧಸತ್ಯವನ್ನು ಪೂರ್ಣಸತ್ಯವೆಂದು ಕರೆಯುವುದೂ ಸಲ್ಲದು.

ಆದರೆ ಸೂತ್ರಕಾರರು ಹಿಂಸೆಯನ್ನೂ ಅನೃತವನ್ನೂ ಪ್ರಮತ್ತಯೋಗದೊಂದಿಗೆ ಜೋಡಿಸಿದ್ದಾರೆ. ಕಷಾಯಕ್ಕೆ ವಶವಾದ ಮನಸ್ಸೇ ಅಲ್ಲಿ ದೋಷದ ಮೂಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಮುಂದೆ ಹೋಗಿ, ಪರರಿಗೆ ವಿಪತ್ತು ತರುವ ಸತ್ಯವನ್ನೂ ಅಣುವ್ರತಿಯು ಆಡಬಾರದೆಂದು ವಿಧಿಸಿದ್ದಾರೆ. ಆ ಎರಡನೆಯ ವಾಕ್ಯವು ಬರೆಯಲ್ಪಟ್ಟಿದ್ದರೆ ಅಂತಹ ಸತ್ಯವೇ ಆಗುತ್ತಿತ್ತು.

ಹಾಗಾದರೆ ಯಾರು ಬೇಕಾದರೂ ಕರುಣೆಯ ಹೆಸರಿನಲ್ಲಿ ಪತ್ರವನ್ನು ತಿದ್ದಬಹುದೇ? ಹೊರದೇಶದ ಕೆಲಸದ ಆಸೆ ತೋರಿಸಿ ಬಡ ಕಾರ್ಮಿಕನಿಂದ ಹಣ ಪಡೆದು, ವೀಸಾದ ಷರತ್ತನ್ನು ಅವನಿಂದಲೇ ಮುಚ್ಚಿಡುವ ದಲ್ಲಾಳಿಯೂ ಒಂದು ವಾಕ್ಯವನ್ನು ಬಿಡುತ್ತಾನೆ. ಅಲ್ಲಿ ಲಾಭ ಬಿಟ್ಟವನದು, ಗಡಿಯಲ್ಲಿ ಸೆರೆಸಿಕ್ಕುವವನು ಕಾರ್ಮಿಕ. ಕೌನಸ್ಸಿನಲ್ಲಿ ಅಪಾಯ ಬರೆದವರದು, ಬದುಕು ಪತ್ರ ಹಿಡಿದವರದು. ಸುಗಿಹಾರಾ ತಾವು ಕೊಟ್ಟ ವೀಸಾಗಳ ಪಟ್ಟಿಯನ್ನು, 2,000ಕ್ಕೂ ಮಿಕ್ಕ ಹೆಸರುಗಳ ಸಹಿತ, ತಮ್ಮ ಇಲಾಖೆಗೇ ಒಪ್ಪಿಸಿದರು. ತನ್ನ ಕೃತ್ಯಕ್ಕೆ ಉತ್ತರ ಕೊಡಲು ಸಿದ್ಧನಿರುವವನು ಕಪಟಿಯಾಗಲಾರ.

ಆದ್ದರಿಂದ ಗಡಿಪತ್ರಕ್ಕಾಗಲಿ ಸಂಘದ ದಾಖಲೆಗಾಗಲಿ ಕೈಹಾಕುವ ಶ್ರಾವಕನಿಗೆ ಅಳತೆಗೋಲು ಸ್ಪಷ್ಟವಾಗಿದೆ: ಲಾಭ ಯಾರಿಗೆ, ಹಾನಿ ಯಾರಿಗೆ, ಹೊಣೆ ಯಾರದು? ಈ ಮೂರರಲ್ಲಿಯೂ ಶುದ್ಧನಾದವನು ಸಹ ಬಿಟ್ಟ ವಾಕ್ಯವನ್ನು ಮರೆಯದೆ ಆಲೋಚನೆಯಲ್ಲಿ ನಿವೇದಿಸಿಕೊಳ್ಳಲಿ. ಕರುಣೆಯು ಅದರಿಂದ ಕುಂದದು, ಮುಂದಿನ ಸಲ ಸ್ವಾರ್ಥವು ಕರುಣೆಯ ವೇಷದಲ್ಲಿ ಬಂದಾಗ ಎಚ್ಚರ ಉಳಿಯುವುದು. ಆದರೆ ಬಾಗಿಲಲ್ಲಿ ಪ್ರಾಣಭಯದಿಂದ ನಿಂತವನನ್ನು ಹಿಂದಕ್ಕೆ ಕಳುಹಿಸಿ, ತನ್ನ ಲೇಖನಿ ಶುದ್ಧವಾಗಿದೆಯೆಂದು ತೃಪ್ತಿಪಡುವವನಿಗೂ ಆ ಸಂಜೆಯ ಪ್ರತಿಕ್ರಮಣ ತಪ್ಪಿದ್ದಲ್ಲ.