ಕಡಲೆಯ ಕಾಲ, ಹಲ್ಲಿನ ಕಾಲ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಈ ಗಾದೆಯನ್ನು ನಾವು ಹೆಚ್ಚಾಗಿ ಬಡತನದ ಮಾತಿಗೆ, ಮುಪ್ಪಿನ ಮಾತಿಗೆ ಬಳಸುತ್ತೇವೆ. ದುಡಿಯುವ ವಯಸ್ಸಿನಲ್ಲಿ ತಿನ್ನಲು ಗತಿಯಿರಲಿಲ್ಲ, ಈಗ ಗತಿಯಿದೆ, ತಿನ್ನುವ ಶಕ್ತಿಯಿಲ್ಲ ಎನ್ನುವವರ ಬಾಯಲ್ಲಿ ಅದು ತಾನಾಗಿ ಬರುತ್ತದೆ. ಇದೇ ಗಾದೆ ಅಷ್ಟೇ ಸರಿಯಾಗಿ ಹೊಂದುವ ಇನ್ನೊಂದು ಕೊರಗು ಇದೆ. ಮನಸ್ಸಿಗೆ ಹತ್ತಿದ ಗಾಯಕರನ್ನು ಒಂದು ಸಲವೂ ಎದುರು ಕೂತು ಕೇಳಲಿಲ್ಲವಲ್ಲ ಎಂಬ ಕೊರಗು ಅದು. ಕನ್ನಡ ನಾಡಿನ ಸಂಗೀತಪ್ರಿಯರಲ್ಲಿ ಇದು ಬಹಳ ಮಂದಿಗಿದೆ, ಅದಕ್ಕೆ ಕಾರಣವೂ ಇದೆ. 1991ರ ಜುಲೈಯಲ್ಲಿ ಬಸವರಾಜ ರಾಜಗುರು ತೀರಿಕೊಂಡರು, 1992ರ ಜನವರಿಯಲ್ಲಿ ಕುಮಾರ ಗಂಧರ್ವ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಲ್ಲಿಕಾರ್ಜುನ ಮನ್ಸೂರ. ಹದಿನಾಲ್ಕು ತಿಂಗಳೊಳಗೆ ಮೂರು ದೊಡ್ಡ ದನಿಗಳು ನಿಂತವು. ಆಗ ಶಾಲೆಯಲ್ಲಿದ್ದವರು, ಇನ್ನೂ ಹುಟ್ಟದೇ ಇದ್ದವರು ಇಂದು ಈ ಮೂವರನ್ನೂ ಮೊಬೈಲಿನಲ್ಲಿ ಕೇಳುತ್ತಾರೆ, ಕೇಳಿದಷ್ಟೂ ಕೊರಗುತ್ತಾರೆ. ಹಲ್ಲು ಬಂದಿದೆ, ಕಡಲೆ ಮುಗಿದಿದೆ. ಗಾದೆಯ ಮೊದಲರ್ಧ ಈ ತಲೆಮಾರಿನದು.

ಆದರೆ ಗಾದೆಗೆ ಎರಡು ಭಾಗ ಇವೆ. ಕೊರಗುವವರು ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಇಲ್ಲಿ ಕಡಲೆ ಎಂದರೆ ಎದುರಿಗೆ ಕೂತು ಹಾಡುವ ಗಾಯಕ. ಹಲ್ಲು ಎಂದರೆ ಅದನ್ನು ಅಗಿಯಬಲ್ಲ ಕಿವಿ. ‘ನಾನು ಆಗ ಇದ್ದಿದ್ದರೆ ಕೇಳುತ್ತಿದ್ದೆ’ ಎನ್ನುವ ಮಾತಿನಲ್ಲಿ, ಈಗಿನ ಕಿವಿಯನ್ನು ಹೊತ್ತುಕೊಂಡೇ ಆಗಿನ ಕಾಲಕ್ಕೆ ಹೋಗುವ ಒಂದು ಊಹೆ ಅಡಗಿದೆ. ಕಾಲ ಹಾಗೆ ಬಿಟ್ಟುಕೊಡುವುದಿಲ್ಲ. ಮನ್ಸೂರರ ಉದಾಹರಣೆಯನ್ನೇ ನೋಡಿ. ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದವರು, 1930ರ ದಶಕದಲ್ಲೇ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದವರು. ಪದ್ಮಶ್ರೀ ಬಂದದ್ದು 1970ರಲ್ಲಿ, ಅರುವತ್ತು ತುಂಬುವ ಹೊತ್ತಿಗೆ. ದೇಶದುದ್ದಕ್ಕೂ ಅವರ ಹೆಸರು ಓಡಾಡಿದ್ದು ಅದರ ಆಸುಪಾಸಿನ ವರ್ಷಗಳಲ್ಲಿ. ಅವರ ಗಾಯನ ಕಿವಿಗೆ ಜೇನು ಹನಿಸುವ ಬಗೆಯದಲ್ಲ. ನಟ್ ಬಿಹಾಗ್, ಶಿವಮತ ಭೈರವ, ಖೋಕರ್‌ನಂಥ ಅಪರೂಪದ ರಾಗಗಳನ್ನು ಎತ್ತಿಕೊಂಡು, ಪೀಠಿಕೆಗೆ ಹೆಚ್ಚು ಹೊತ್ತು ಕೊಡದೆ ನೇರ ಬಂದಿಶಿನೊಳಗೆ ನುಗ್ಗಿ, ಒಂದು ಸ್ವರಗುಚ್ಛದ ಬಾಲಕ್ಕೆ ಇನ್ನೊಂದನ್ನು ಹೆಣೆಯುತ್ತ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಬೀಳುತ್ತಾರೆ. ಬಿಹಾಗ್ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ನಟ್ ಬಿಹಾಗದಲ್ಲಿ ಏನಾಯಿತೆಂದು ಹೇಗೆ ತಿಳಿಯಬೇಕು? ದಶಕಗಳ ಕಾಲ ಕಡಲೆ ಧಾರವಾಡದಲ್ಲೇ ಇತ್ತು. ಹಲ್ಲು ಮೂಡಲು ನಾಡಿಗೆ ಅಷ್ಟು ಹೊತ್ತು ಬೇಕಾಯಿತು. ಆ ಊರಿನಲ್ಲೇ ಇದ್ದು, ಆ ಮನೆಯ ಮುಂದೆಯೇ ಓಡಾಡಿ, ಒಂದು ದಿನವೂ ಅವರನ್ನು ಕೂತು ಕೇಳದೆ ಇದ್ದವರು ಎಷ್ಟೋ ಮಂದಿ ಇರಲೇಬೇಕು. ಅವರನ್ನು ಮೂರ್ಖರೆನ್ನುವುದು ಅನ್ಯಾಯ. ನಮ್ಮ ಕೊರಗಿಗೆ ಅವರ ಸ್ಥಿತಿಯೇ ಮೊದಲ ಉತ್ತರ ಎಂದು ನನ್ನ ವಾದ.

ಹಾಗಾದರೆ ನಮಗೆ ಈ ಹಲ್ಲು ಬಂದದ್ದು ಎಲ್ಲಿಂದ? ಗಾದೆ ಸೋಲುವುದು ಇಲ್ಲೇ. ಗಾದೆಯ ಲೋಕದಲ್ಲಿ ಹಲ್ಲು ವಯಸ್ಸಿಗೆ ತಕ್ಕಂತೆ ಬರುತ್ತದೆ, ವಯಸ್ಸಿಗೆ ತಕ್ಕಂತೆ ಹೋಗುತ್ತದೆ, ಕಡಲೆಗೂ ಅದಕ್ಕೂ ಸಂಬಂಧವಿಲ್ಲ. ಸಂಗೀತದಲ್ಲಿ ಹಲ್ಲು ಮೂಡುವುದೇ ಅಗಿಯುವುದರಿಂದ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದಂದಿನಿಂದ, ನಾವು ಎಂದೂ ನೋಡದ ಬಾಯಿಯ ಹಾಡನ್ನು ಅಗಿಯುವ ದಾರಿಯೊಂದು ತೆರೆಯಿತು. (ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅಲ್ಲಿದ್ದಷ್ಟು ದಿನ ಊರಿನ ಎಷ್ಟು ಜನಕ್ಕೆ ಅವರನ್ನು ಕೇಳಲು ಸಿಕ್ಕಿತೋ!) ಆ ತಟ್ಟೆ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷ. ಸ್ಥಾಯಿ, ಅಂತರಾ, ನಡುವೆ ಒಂದೆರಡು ಆವರ್ತನದ ಆಲಾಪ, ಒಂದಿಷ್ಟು ತಾನ್, ಅಷ್ಟಕ್ಕೆ ಸೂಜಿ ಒಳಗಿನ ಸುತ್ತಿಗೆ ಬಂದಿರುತ್ತಿತ್ತು. ಆ ಮೂರು ನಿಮಿಷ ಏನು ಮಾಡಬಲ್ಲದು ಎನ್ನುವುದಕ್ಕೆ ನಮ್ಮ ನಾಡಿನಲ್ಲೇ ಎರಡು ಸಾಕ್ಷಿಗಳಿವೆ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹಾಗೆ ಹಾಡಬೇಕೆಂಬ ಹಟ ಹಿಡಿದದ್ದು, 1933ರಲ್ಲಿ ಮನೆ ಬಿಟ್ಟು ಹೋದದ್ದು ಎಲ್ಲರಿಗೂ ಗೊತ್ತಿದೆ. ಕೊನೆಗೆ ಅವರು ಗುರುವನ್ನು ಕಂಡುಕೊಂಡದ್ದು ಕುಂದಗೋಳದಲ್ಲಿ, ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರಲ್ಲಿ. ಇತ್ತ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ, ಅವರ ಒಂದೊಂದು ಹರಕತ್ತನ್ನೂ ಬಿಡದೆ ಹಾಗೆಯೇ ಒಪ್ಪಿಸಿ, ಕುಮಾರ ಗಂಧರ್ವನೆನಿಸಿಕೊಂಡ. ಇಬ್ಬರಿಗೂ ಹಲ್ಲು ಬಂದದ್ದು ಎದುರಿಗಿಲ್ಲದ ಗಾಯಕರಿಂದ. ತಾನ್‌ಸೇನನನ್ನು ಕೇಳಲಿಲ್ಲವೆಂದು ಯಾರೂ ನಿದ್ದೆಗೆಡುವುದಿಲ್ಲ, ಮನ್ಸೂರರನ್ನು ಕೇಳಲಿಲ್ಲವೆಂದು ಕೆಡುತ್ತಾರೆ. ತಾನ್‌ಸೇನನ ಒಂದು ಸ್ವರವನ್ನೂ ನಾವು ಅಗಿದಿಲ್ಲ. ಈ ಕೊರಗೇ ಧ್ವನಿಮುದ್ರಣ ಹುಟ್ಟಿಸಿದ ಕೊರಗು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಧ್ವನಿಮುದ್ರಣ ಅಷ್ಟೆಲ್ಲ ಕೊಡುವುದಾದರೆ ಕೊರಗಲು ಏನು ಉಳಿಯಿತು? ಮೂರು ನಿಮಿಷದ ಕಾಲ ಹೋಗಿ ಗಂಟೆಗಟ್ಟಲೆ ಹಿಡಿಯುವ ಕಾಲ ಬಂತು, ಮನೆಯಲ್ಲೇ ಕೂತು ಕೇಳಬಹುದಲ್ಲ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಖಯಾಲ್ ಮೊದಲೇ ಬರೆದಿಟ್ಟು ಒಪ್ಪಿಸುವ ಕೃತಿಯಲ್ಲ, ಆ ಸಂಜೆ ಆ ಜನರೆದುರು ಕಟ್ಟುವಂಥದ್ದು. ಮುಂದಿನ ಸಾಲಿನಲ್ಲಿ ಕೂತ ಬಲ್ಲವರೊಬ್ಬರು ಸಮ್‌ಗೆ ತಲೆದೂಗಿದರೆ ಮುಂದಿನ ಆವರ್ತನದ ದಾರಿಯೇ ಬದಲಾಗಬಹುದು. ತಂಬೂರಿಯ ತಂತಿ ಕೊಂಚ ಇಳಿಯಿತೆಂದು ಗಾಯಕ ಹಾಡು ನಿಲ್ಲಿಸಿ, ಬಿರಡೆ ತಿರುಗಿಸಿ, ಮತ್ತೆ ಷಡ್ಜ ಕೂಡುವವರೆಗೆ ಸಭೆ ಉಸಿರು ಬಿಗಿಹಿಡಿದಿರುತ್ತದೆ. ಮುದ್ರಿಕೆ ಮಾಡುವವರು ಮೊದಲು ಕತ್ತರಿಸುವುದು ಅದನ್ನೇ. ಪಿಟೀಲು ಚೌಡಯ್ಯನವರನ್ನು ತೆಗೆದುಕೊಳ್ಳಿ. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲವೆಂದು ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಆ ವಾದ್ಯದ ಆಕಾರವನ್ನೇ ನಿರ್ಣಯಿಸಿದ್ದು ಒಂದು ಕೋಣೆಯ ಉದ್ದ, ಕೊನೆಯ ಸಾಲಿನ ಕೇಳುಗ. ತಟ್ಟೆಯಲ್ಲಿ ಆ ನಾದ ಇರುತ್ತದೆ, ಆ ನಾದಕ್ಕೆ ಕಾರಣವಾದ ದೂರ ಇರುವುದಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನ, ಪಿಟೀಲಿನ ಆಕಾರದ ಸಭಾಂಗಣಕ್ಕೆ ಹೋಗುವ ಇಂದಿನವರಲ್ಲಿ ಅವರನ್ನು ಕಂಡು ಕೇಳಿದವರು ಬೆರಳೆಣಿಕೆಯವರು. 1967ರಲ್ಲೇ ಅವರು ತೀರಿಕೊಂಡರು. ಇದು ನಿಜವಾದ ನಷ್ಟ. ಇಂಥ ನಷ್ಟವನ್ನು ಧ್ವನಿಮುದ್ರಿಕೆ ತೋರಿಸಿ ಸಮಾಧಾನ ಮಾಡುವುದು ಸರಿಯಲ್ಲ.

ಆದರೆ ಎದುರಿಗೆ ಇದ್ದುಬಿಟ್ಟರೆ ಎಲ್ಲ ಸಿಕ್ಕಿತೆಂಬುದೂ ನಂಬಲರ್ಹವಲ್ಲ. ಕುಮಾರ ಗಂಧರ್ವರು 1947ರಲ್ಲಿ ಕ್ಷಯಕ್ಕೆ ತುತ್ತಾಗಿ, ದೇವಾಸದಲ್ಲಿ ಐದಾರು ವರ್ಷ ಹಾಡದೆ ಇದ್ದು, ಒಂದು ಶ್ವಾಸಕೋಶದ ಬಲದಲ್ಲಿ ಮರಳಿ ಹಾಡತೊಡಗಿದರು. ಕಾಯಿಲೆಗೆ ಮುಂಚಿನ ಕುಮಾರರನ್ನು ಕೇಳಿದವರು ಆಮೇಲಿನವರನ್ನು ಕೇಳಿರಲಿಕ್ಕಿಲ್ಲ, ಆಮೇಲಿನವರನ್ನು ಕೇಳಿದವರಿಗೆ ಆ ಬಾಲಕ ಸಿಗಲೇ ಇಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳ ಎಳೆಯ, ಏರುದನಿಯನ್ನು ಕೇಳಿದರೆ ಮುಂದೆ ನಾವೆಲ್ಲ ಕೇಳಿದ ಆ ಗಂಭೀರ ಕಂಠ ಇವರದೇ ಎಂದು ನಂಬಲಾಗುವುದಿಲ್ಲ. ಅವರ ಕಛೇರಿಗಳಿಗೆ ಹೋಗಿ ಕೂತವರಲ್ಲಿ ಹೆಚ್ಚಿನವರಿಗೆ ಮೊದಲಿನ ಗಂಗೂಬಾಯಿ ತಪ್ಪಿಹೋಗಿದ್ದಾರೆ. ಇನ್ನು ನಮ್ಮ ಸಂಗೀತದಿಂದ ಬಹುದೂರದ ಒಂದು ಸಾಕ್ಷಿ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ತಂಡದ ಕಾರ್ಯಕ್ರಮಕ್ಕೆ ಐವತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಜನರ ಕಿರುಚಾಟದಲ್ಲಿ ವೇದಿಕೆಯ ಮೇಲಿದ್ದವರಿಗೇ ತಮ್ಮ ಹಾಡು ಸರಿಯಾಗಿ ಕೇಳಿಸಲಿಲ್ಲ. ಮರುವರ್ಷ ಅವರು ಊರೂರು ತಿರುಗಿ ಹಾಡುವುದನ್ನೇ ನಿಲ್ಲಿಸಿ ಸ್ಟುಡಿಯೋ ಸೇರಿದರು. ಅವರ ಮುಂದಿನ ಗೀತಸಂಪುಟಗಳಲ್ಲಿ ಬಹುಪಾಲು ವೇದಿಕೆಗೆ ಬರಲೇ ಇಲ್ಲ. ಶೇ ಸ್ಟೇಡಿಯಮ್ಮಿನಲ್ಲಿ ಕಡಲೆಯೂ ಇತ್ತು, ಹಲ್ಲೂ ಇತ್ತು, ಅಗಿಯಲು ಆಗಲಿಲ್ಲ. ಸ್ಟೇಡಿಯಮ್ಮನ್ನೂ ಬೈಠಕ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನಬಹುದು. ತೂಗುತ್ತಿಲ್ಲ. ‘ಅಲ್ಲಿದ್ದೆ’ ಎನ್ನುವುದೂ ‘ಕೇಳಿದೆ’ ಎನ್ನುವುದೂ ಒಂದಲ್ಲ ಎಂಬಷ್ಟಕ್ಕೇ ಇದು ಸಾಕ್ಷಿ.

ಈ ಗಾದೆ ಇನ್ನೊಂದು ರೂಪದಲ್ಲೂ ಬಳಕೆಯಲ್ಲಿದೆ: ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಮೊದಲ ರೂಪದಲ್ಲಿ ಒಬ್ಬನೇ ಮನುಷ್ಯ, ಎರಡು ಕಾಲ. ಇಲ್ಲಿ ಒಂದೇ ಕಾಲ, ಇಬ್ಬರು ಮನುಷ್ಯರು. ನಮ್ಮ ಕೊರಗನ್ನು ಈ ಎರಡನೆಯ ರೂಪಕ್ಕೆ ಒಡ್ಡಿದರೆ ಅದು ತಡಬಡಾಯಿಸುತ್ತದೆ. ಆ ಕಾಲದಲ್ಲಿ ಹುಟ್ಟಿದ್ದರೆ ಕೇಳುತ್ತಿದ್ದೆವು ಎನ್ನುತ್ತೇವಲ್ಲ, ಆ ಕಾಲದಲ್ಲಿ ನಮ್ಮಲ್ಲಿ ಎಷ್ಟು ಮಂದಿಗೆ ಬಾಗಿಲು ತೆರೆದಿತ್ತು? ಅರಮನೆಯ ದರ್ಬಾರಿಗೆ ಕರೆ ಬಂದವರಷ್ಟೇ ಹೋಗುತ್ತಿದ್ದರು. ವಾಡೆಗಳಲ್ಲಿ ರಾತ್ರಿಯಿಡೀ ನಡೆಯುವ ಬೈಠಕ್ಕಿಗೆ ಗೃಹಸ್ಥರ ಮನೆಯ ಹೆಣ್ಣುಮಕ್ಕಳು ಹೋಗಿ ಕೂರುವುದು ಕನಸಿನ ಮಾತು. ಜಾತಿಯ ಗೆರೆ ಎಲ್ಲೆಲ್ಲೂ ಇತ್ತು. ಹಾಡುವ ಗಂಗೂಬಾಯಿಯವರೇ ಹುಟ್ಟಿನ ಕಾರಣಕ್ಕೆ ಅವಮಾನಗಳನ್ನು ನುಂಗಿ ಮೇಲೆ ಬಂದವರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗಿಬರುತ್ತಿದ್ದ ಆ ಹೆಣ್ಣುಮಗಳ ಬಗ್ಗೆ ಊರು ಏನೆಲ್ಲ ಆಡಿಕೊಂಡಿತೆಂದು ಊಹಿಸುವುದು ಕಷ್ಟವಲ್ಲ. ಈ ಬಾಗಿಲುಗಳು ತೆರೆದದ್ದು ನಿಧಾನವಾಗಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಶ್ರೀ ರಾಮಸೇವಾ ಮಂಡಳಿ ರಾಮನವಮಿ ಸಂಗೀತೋತ್ಸವ ಶುರುಮಾಡಿತು, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಕಟ್ಟಿ ಸಾವಿರಾರು ಜನರೆದುರು ದೊಡ್ಡ ವಿದ್ವಾಂಸರನ್ನು ಹಾಡಿಸಿತು. 1950ರಲ್ಲಿ ಧಾರವಾಡದ ಆಕಾಶವಾಣಿ ಬಂತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳಿಗೂ ಮನ್ಸೂರ, ರಾಜಗುರು ಕೇಳಿಸತೊಡಗಿದರು. ನೇರ ಕೇಳಿದವರೇ ಭಾಗ್ಯವಂತರು, ರೇಡಿಯೋದಲ್ಲಿ ಕೇಳಿದವರು ಎರಡನೆಯ ದರ್ಜೆಯವರು ಎಂಬ ಮಾತು ನನಗೆ ಸಹಿಸಲಾಗದಿರುವುದು ಈ ಕಾರಣಕ್ಕೆ. ಹಲ್ಲಿದ್ದೂ ಕಡಲೆ ಸಿಗದ ಎಷ್ಟೋ ಜನರಿಗೆ ಮೊದಲ ಬಾರಿ ಕೈಗೆ ಸಿಕ್ಕಿದ್ದು ಆ ಪೆಟ್ಟಿಗೆಯಿಂದ.

ಇಷ್ಟೆಲ್ಲ ಹೇಳಿದ ಮೇಲೆ ಎರಡನೆಯ ಆಕ್ಷೇಪ: ಕಿವಿ ಪಕ್ವವಾಗದೆ ಕೇಳಿ ಪ್ರಯೋಜನವಿಲ್ಲವೆಂದರೆ, ಗೊತ್ತಿಲ್ಲದವರು ಕಛೇರಿಗೆ ಹೋಗುವುದೇ ಬೇಡವೇ? ಹಾಗೆ ಯಾರಾದರೂ ತಿಳಿದರೆ ನನ್ನ ವಾದ ತಲೆಕೆಳಗಾದಂತೆ. ಅಗಿಯುತ್ತಲೇ ಹಲ್ಲು ಮೂಡುವುದಾದರೆ, ಮೂಡಿದ ಮೇಲೆ ಅಗಿಯುತ್ತೇನೆಂದು ಕಾಯುವವನಿಗೆ ಅದು ಎಂದೂ ಮೂಡುವುದಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಕೂರುವ ಸುತ್ತಲ ಹಳ್ಳಿಗಳ ಜನರಲ್ಲಿ ಶಾಸ್ತ್ರ ಓದಿದವರು ಕಡಿಮೆ, ಕೇಳಿ ಕೇಳಿ ಪಳಗಿದವರೇ ಹೆಚ್ಚು. ಇನ್ನು ಕಡಲೆ, ಅದು ಇಂದೂ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತ ವೆಂಕಟೇಶ ಕುಮಾರರಿಗೆ ದೇಶವ್ಯಾಪಿ ಹೆಸರು ಬಂದದ್ದೂ ಮನ್ಸೂರರ ಹಾಗೆ ವಯಸ್ಸು ಮಾಗಿದ ಮೇಲೆಯೇ. ಅವರನ್ನು ಯೂಟ್ಯೂಬಿನಲ್ಲಿ ಕೇಳಿ ಕಣ್ಣೀರಿಡುವವರು ಧಾರವಾಡಕ್ಕೋ ಬೆಂಗಳೂರಿಗೋ ಹೋಗುವ ಬಸ್ಸು ಹತ್ತದಿದ್ದರೆ, ಆ ತಪ್ಪನ್ನು ಕಾಲದ ಮೇಲೆ ಹೊರಿಸಲಾಗದು. ಇಲ್ಲಿ ಹಲ್ಲೂ ಇದೆ, ಕಡಲೆಯೂ ಇದೆ, ಗಾದೆಗೆ ಕೆಲಸವೇ ಇಲ್ಲ.

ಯಾವ ವಾದಕ್ಕೂ ಬಗ್ಗದ ಒಂದು ಪಾಲು ಈ ಕೊರಗಿನಲ್ಲಿ ಉಳಿಯುತ್ತದೆ, ಅದನ್ನೂ ಹೇಳಬೇಕು. ಜೈಪುರ ಅತ್ರೌಲಿ ಘರಾಣೆಯನ್ನು ಕಟ್ಟಿದ ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರು. ಗ್ರಾಮಫೋನ್ ಮನೆಮನೆಗೆ ಬಂದ ಕಾಲವದು. ಆದರೂ ಅವರು ಒಂದು ತಟ್ಟೆಯನ್ನೂ ಬಿಟ್ಟುಹೋಗಲಿಲ್ಲ. ಅನ್ನಪೂರ್ಣಾದೇವಿ 1950ರ ದಶಕದಲ್ಲೇ ಸಭೆಗಳಲ್ಲಿ ನುಡಿಸುವುದನ್ನು ಬಿಟ್ಟರು, 2018ರವರೆಗೆ ನಮ್ಮ ನಡುವೆಯೇ ಇದ್ದರು, ಅವರ ಸುರಬಹಾರ್ ಮುಚ್ಚಿದ ಬಾಗಿಲ ಹಿಂದೆ ಶಿಷ್ಯರ ಪಾಲಿಗಷ್ಟೇ ಉಳಿಯಿತು. ಅಲ್ಲಾದಿಯಾ ಖಾನರ ಮಗ ಮಂಜೀ ಖಾನರು ಮನ್ಸೂರರಿಗೆ ಗುರುವಾಗಿ ಸಿಕ್ಕಿದ್ದು ಎರಡು ವರ್ಷಕ್ಕೂ ಕಡಿಮೆ. 1937ರಲ್ಲಿ ಅವರು ತೀರಿಕೊಂಡಾಗ ಮನ್ಸೂರರು ತಬ್ಬಲಿಯಾದರು, ಆಮೇಲೆ ಮಂಜೀ ಖಾನರ ತಮ್ಮ ಭೂರ್ಜೀ ಖಾನರಲ್ಲಿ ಕಲಿಕೆ ಮುಂದುವರಿಸಿದರು. ನಾವು ಮನ್ಸೂರರಿಗಾಗಿ ಕೊರಗುವಂತೆ ಮನ್ಸೂರರು ಮಂಜೀ ಖಾನರಿಗಾಗಿ ಕೊರಗಿದರು, ಅದೂ ನಮಗಿಂತ ಎಷ್ಟೋ ಪಾಲು ಗಟ್ಟಿಯಾದ ಹಲ್ಲಿನಿಂದ. ಮನ್ಸೂರರು ಕಲಿಸಿದ್ದನ್ನು ಅವರ ಮಗ ರಾಜಶೇಖರ ಮನ್ಸೂರ ಹಾಡುತ್ತಿದ್ದರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಆ ಅಪರೂಪದ ರಾಗಗಳನ್ನೆಲ್ಲ ಕಾಪಾಡಿಕೊಂಡು ಬಂದವರು. ತಂದೆಯ ಮುದ್ರಿಕೆಗಳೇ ಇವೆಯಲ್ಲ ಎಂದು ಮಗನ ಕಛೇರಿಯನ್ನು ಬಿಟ್ಟವರಿದ್ದರೆ, ಅವರ ಕಿವಿಗೆ ಹಿರಿಯ ಮನ್ಸೂರರೇ ಅಡ್ಡ ನಿಂತಂತಾಯಿತು. ರಾಜಶೇಖರರೂ 2022ರಲ್ಲಿ ತೀರಿಕೊಂಡರು.