ಉದ್ಯಮಿಯ ಅಳತೆಗೋಲು

ವ್ಯಾಪಾರಕ್ಕೆ ಧೈರ್ಯವೇ ಬಂಡವಾಳವೆನ್ನುತ್ತೇವೆ. ಡೊಂಬಿವಲಿಯಲ್ಲಿ ಸಣ್ಣ ಹೋಟೆಲು ನಡೆಸುವ ಊರವರೊಬ್ಬರು ಇದನ್ನು ಪೂರ್ತಿ ಒಪ್ಪಲಿಲ್ಲ. “ಧೈರ್ಯ ನನ್ನದೇ ಮಾರಾಯ್ರೇ; ಆದರೆ ತಟ್ಟೆ ತೊಳೆಯುತ್ತಿದ್ದ ನನ್ನನ್ನು ಗಲ್ಲಾದಲ್ಲಿ ಕೂರಿಸಿದವರು ನನ್ನ ಧಣಿಗಳಲ್ಲವೇ?” ಎಂದರು.

ಕಾರ್ಕಳದ ಜಯರಾಮ ಬನಾನ್ ಹುಡುಗನಾಗಿದ್ದಾಗ ಪನ್ವೇಲಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದವರು. ಅಲ್ಲೇ ಮಾಣಿಯಾಗಿ, ಮೆನೇಜರಾಗಿ ಮೇಲೇರಿದರು. 1986ರಲ್ಲಿ ದೆಹಲಿಯಲ್ಲಿ ‘ಸಾಗರ್’ ತೆರೆದರು. ನಾವು ಅವರ ಸಾಹಸವನ್ನು ಮೆಚ್ಚುತ್ತೇವೆ, ನಡುವಿನ ಮೆಟ್ಟಿಲುಗಳನ್ನು ಮರೆಯುತ್ತೇವೆ. ಹಗಲು ದುಡಿದ ಹೋಟೆಲು ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳೂ ಅಂಥದೇ ಮೆಟ್ಟಿಲಾಗಿದ್ದವು.

ಸರಕಾರಿ ನೌಕರರಾದ ನಮಗೆ ಬಡ್ತಿಯ ನಿಯಮಗಳುಂಟು. ಹೋಟೆಲು ಹುಡುಗನಿಗೆ ಧಣಿಯ ಮನಸ್ಸೇ ನಿಯಮ. ಆದ್ದರಿಂದ ಉದ್ಯಮಿಯನ್ನು ಗಲ್ಲಾದ ಹಣದಿಂದಷ್ಟೇ ಅಳೆಯಲಾಗದು. ಅವನಲ್ಲಿ ತಟ್ಟೆ ತೊಳೆದವನು ಹತ್ತು ವರ್ಷಗಳ ಬಳಿಕ ಎಲ್ಲಿದ್ದಾನೆ ಎಂದೂ ಕೇಳಬೇಕು.